ಪಾದ್ರಿ ಗುಡಿಯ ಬೀಗರು

ಹೊಸಕೊಪ್ಪಲಿನಲ್ಲಿ ಗಡಿಯಾರ ಇದ್ದದ್ದು ಈಶ್ವರಯ್ಯನವರ ಅಂಗಡಿಯಲ್ಲಿ ಮಾತ್ರ. ಅದು ಓಡುತ್ತಿರಲಿಲ್ಲ. ಊರು ನಡೆಯುತ್ತಿದ್ದದ್ದು ಮೂಡಲ ಕೊನೆಯ ಸಣ್ಣ ಚರ್ಚಿನ ಗಂಟೆಯ ಮೇಲೆ. ಬೆಳಗ್ಗೆ ಅದು ಬಾರಿಸಿದರೆ ಬೀರಮ್ಮ ಹಾಲು ಕರೆಯಲು ಕೂರುತ್ತಿದ್ದಳು. ಮಧ್ಯಾಹ್ನ ಬಾರಿಸಿದರೆ ಗದ್ದೆಯಲ್ಲಿದ್ದವರು ಬುತ್ತಿ ಬಿಚ್ಚುತ್ತಿದ್ದರು. ಸಂಜೆ ಬಾರಿಸಿದರೆ ಈಶ್ವರಯ್ಯನವರು ಅಂಗಡಿಯಲ್ಲಿ ಸಾಲ ಕೊಡುವುದನ್ನು ನಿಲ್ಲಿಸುತ್ತಿದ್ದರು. ಕೊಣನೂರಿನ ಸಂತೆಗೆ ಹೋಗುವ ಗಾಡಿಯವರು ಕೂಡ ಆ ಗಂಟೆ ಕೇಳಿದ ಮೇಲೇ ಎತ್ತು ಕಟ್ಟುತ್ತಿದ್ದರು. ಊರಿನಲ್ಲಿ ಕ್ರೈಸ್ತರ ಮನೆಗಳು ಒಂದು ಹನ್ನೆರಡು ಇದ್ದವು. ಉಳಿದವರಿಗೆ ಅದು ಪಾದ್ರಿ ಗುಡಿ, ಅದರ ಗಂಟೆ ಊರಿನ ಗಂಟೆ.

ಗಂಟೆ ಬಾರಿಸುತ್ತಿದ್ದವನು ಉಪದೇಶಿ ಚೌರಪ್ಪ. ಗುರುಗಳು ಹಾಸನದಿಂದ ತಿಂಗಳಿಗೊಮ್ಮೆ ಬರುತ್ತಿದ್ದರು. ಉಳಿದ ದಿನ ಜಪ ಹೇಳಿಸುವುದು, ಮಕ್ಕಳಿಗೆ ಪಾಠ ಹೇಳುವುದು, ದೀಪಕ್ಕೆ ಎಣ್ಣೆ ನೋಡುವುದು ಎಲ್ಲ ಅವನದೇ. ಗಂಟೆಯನ್ನು ಮೈಸೂರಿನಿಂದ ಗಾಡಿಯ ಮೇಲೆ ತಂದವನು ಅವನ ಅಜ್ಜ. ದಾರಿಯಲ್ಲಿ ಗಾಡಿ ಕಾವೇರಿಗೆ ಇಳಿದಾಗ ಅಜ್ಜ ಎತ್ತುಗಳನ್ನು ಬಿಟ್ಟು ಗಂಟೆಯನ್ನು ಹಿಡಿದುಕೊಂಡನಂತೆ. ಎತ್ತುಗಳು ತಾವಾಗಿಯೇ ದಡ ಸೇರಿದವು. ಈ ಕಥೆಯನ್ನು ಚೌರಪ್ಪ ಕೇಳಿದವರಿಗೂ ಕೇಳದವರಿಗೂ ಹೇಳುತ್ತಿದ್ದ. ಹಗ್ಗ ಹಿಡಿದಾಗ ಅವನ ಮುಖ ನೋಡಿದವರು ಆ ಗಂಟೆ ಅವನ ಖಾಸಗಿ ಆಸ್ತಿ ಎಂದುಕೊಂಡರೆ ತಪ್ಪಿಲ್ಲ.

ತೊಂದರೆ ಶುರುವಾದದ್ದು ಎರಡೆಲೆಯ ಒಂದು ಸಸಿಯಿಂದ. ಪೀಠದ ಹಿಂದಿನ ಗೋಡೆಯ ಹೊರಮೈಯಲ್ಲಿ, ಯಾವುದೋ ಹಕ್ಕಿಯ ಕೃಪೆಯಿಂದ, ಅರಳಿ ಹುಟ್ಟಿತ್ತು. ಚೌರಪ್ಪ ಅದನ್ನು ನೋಡಿದ್ದು ಶುಭ ಶುಕ್ರವಾರದ ಬೆಳಗ್ಗೆ. ಆ ದಿನ ಕಬ್ಬಿಣ ಮುಟ್ಟಬಾರದು, ಮೊಳೆ ಹೊಡೆಯಬಾರದು, ನೆಲ ಅಗೆಯಬಾರದು ಎಂಬುದು ಅವನ ಮನೆಯ ಹಳೆಯ ನಿಯಮ. ಹಬ್ಬ ಕಳೆಯಲಿ ಎಂದು ಬಿಟ್ಟ. ಹಬ್ಬ ಕಳೆಯಿತು. ಆಮೇಲೆ ಉಳುಮೆ, ನಾಟಿ, ಕೊಯ್ಲು ಬಂದವು. ಮುಂದಿನ ಶುಭ ಶುಕ್ರವಾರ ಮತ್ತೆ ಅದರ ನೆನಪಾಯಿತು. ಹೀಗೆ ವರ್ಷಕ್ಕೊಮ್ಮೆ, ಕೀಳಬಾರದ ದಿನವೇ ನೆನಪಾಗಿ, 1938ರ ಹೊತ್ತಿಗೆ ಅರಳಿ ತೋಳಿನಷ್ಟು ದಪ್ಪವಾಗಿ ಗೋಡೆಯನ್ನು ಮೇಲಿನಿಂದ ಕೆಳಗಿನವರೆಗೆ ಸೀಳಿತ್ತು. ಮಳೆ ಬಂದರೆ ನೀರು ನೇರ ಪೀಠದ ಮೇಲೆ ಬೀಳುತ್ತಿತ್ತು.

ಅರಕಲಗೂಡಿನಿಂದ ಓವರ್‌ಸಿಯರ್ ಒಬ್ಬರು ಬಂದು ನೋಡಿದರು. ಗೋಡೆ ಎಷ್ಟು ಗಟ್ಟಿ ಎಂದು ತಿಳಿಯಲು ಬಿರುಕಿಗೆ ಕೊಡೆಯ ತುದಿ ಹಾಕಿ ಒತ್ತಿದರು. ಕೊಡೆ ಒಳಗೆ ಹೋಯಿತು, ಹೊರಗೆ ಬರಲಿಲ್ಲ. ಬೇರು ಅದನ್ನು ಹಿಡಿದುಕೊಂಡಿತ್ತು. ಚೌರಪ್ಪನೂ ಅವರೂ ಸೇರಿ ಎಳೆದಾಗ ಹಿಡಿ ಮಾತ್ರ ಕೈಗೆ ಬಂತು. ಆ ಹಿಡಿಯನ್ನು ಕಂಕುಳಲ್ಲಿ ಇಟ್ಟುಕೊಂಡೇ ಓವರ್‌ಸಿಯರ್ ತೀರ್ಪು ಹೇಳಿದರು: ಈ ಮಳೆಗಾಲದೊಳಗೆ ಗೋಡೆ ಕೆಡವಿ ಕಟ್ಟದಿದ್ದರೆ ಒಳಗೆ ಯಾರೂ ಕಾಲಿಡುವಂತಿಲ್ಲ.

ಚರ್ಚಿನ ಗುರುಗಳು ಫಾದರ್ ಲಾಂಬೆರ್. ಫ್ರಾನ್ಸ್ ದೇಶದಿಂದ ಬಂದು ಇನ್ನೂ ಹೆಚ್ಚು ಕಾಲವಾಗಿರಲಿಲ್ಲ. ಊರಿನವರು ಅವರನ್ನು ಲಿಂಬಯ್ಯ ಸ್ವಾಮಿ ಎನ್ನುತ್ತಿದ್ದರು. ಅವರು ಬೆಂಗಳೂರಿನಲ್ಲಿದ್ದ ಬಿಷಪ್ಪರಿಗೆ ಬರೆದರು. ಬಿಷಪ್ಪರ ಉತ್ತರ ಚಿಕ್ಕದಾಗಿತ್ತು. ಇಷ್ಟು ಸಣ್ಣ ಊರಿನ ಚರ್ಚಿಗೆ ಹಣವಿಲ್ಲ, ಅದನ್ನು ಮುಚ್ಚುವುದು, ಗಂಟೆಯನ್ನು ಚನ್ನರಾಯಪಟ್ಟಣಕ್ಕೆ ಕಳಿಸುವುದು. ಚನ್ನರಾಯಪಟ್ಟಣದಲ್ಲಿ ಹೊಸ ಚರ್ಚಿಗೆ ಗೋಪುರವಿತ್ತು, ಗಂಟೆ ಇರಲಿಲ್ಲ. ಅಲ್ಲಿಂದ ಒಬ್ಬ ಮನುಷ್ಯ ಬಸ್ಸಿಳಿದು ಬಂದು, ಚೌರಪ್ಪನ ಮನೆಯಲ್ಲೇ ಮಜ್ಜಿಗೆ ಕುಡಿದು, ಹುರಿ ಹಿಡಿದು ಗಂಟೆಯ ಸುತ್ತಳತೆ ತೆಗೆದುಕೊಂಡು ಹೋದ. ಹೆಣಕ್ಕೆ ಪೆಟ್ಟಿಗೆ ಮಾಡುವವನು ಅಳತೆ ತೆಗೆದಂತಾಯಿತು ಚೌರಪ್ಪನಿಗೆ. ಆ ದಿನ ಅವನು ಊಟ ಮಾಡಲಿಲ್ಲ.

ಇಷ್ಟರಲ್ಲಿ ಈಶ್ವರಯ್ಯನವರ ಹೆಂಡತಿ ದಾಕ್ಷಾಯಣಮ್ಮನವರು ಅರಳಿಯನ್ನು ಕಂಡುಹಿಡಿದರು. ಅವರ ಸೊಸೆಗೆ ಮದುವೆಯಾಗಿ ಬಹಳ ಕಾಲವಾಗಿದ್ದರೂ ಮಕ್ಕಳಾಗಿರಲಿಲ್ಲ. ಹೊಳೆನರಸೀಪುರದ ಜೋಯಿಸರೊಬ್ಬರು ಶನಿವಾರ ಶನಿವಾರ ಅರಳಿ ಸುತ್ತಲು ಹೇಳಿದ್ದರು. ಹೊಸಕೊಪ್ಪಲಿನಲ್ಲಿ ಇದ್ದದ್ದು ಇದೊಂದೇ ಅರಳಿ. ಆದರೆ ಮರ ಗೋಡೆಯಲ್ಲಿ ಹುಟ್ಟಿತ್ತು. ಮರವನ್ನು ಸುತ್ತಬೇಕಾದರೆ ಚರ್ಚನ್ನೇ ಸುತ್ತಬೇಕು. ದಾಕ್ಷಾಯಣಮ್ಮನವರು ತಲೆಗೆ ನೀರು ಹಾಕಿಕೊಂಡು, ಸೊಸೆಯನ್ನು ಹಿಂದಿಟ್ಟುಕೊಂಡು ಸುತ್ತತೊಡಗಿದರು. ಅವರನ್ನು ನೋಡಿ ಪಕ್ಕದ ಮನೆಯ ಕೃಷ್ಣಮ್ಮ ಬಂದಳು, ಅವಳನ್ನು ನೋಡಿ ಬೀರಮ್ಮ ಬಂದಳು. ತಿಂಗಳೊಳಗೆ ಪ್ರತಿ ಶನಿವಾರ ಚರ್ಚಿನ ಸುತ್ತ ಒದ್ದೆ ಕೂದಲಿನ ಹೆಂಗಸರ ಒಂದು ಸಾಲೇ ತಿರುಗುತ್ತಿತ್ತು.

ಫಾದರ್ ಲಾಂಬೆರ್ ಒಂದು ಶನಿವಾರ ಬೇಗ ಬಂದವರು ಇದನ್ನು ನೋಡಿ ಸೈಕಲ್ಲಿನಿಂದ ಇಳಿಯುವುದನ್ನೇ ಮರೆತರು. ಸೈಕಲ್ಲು ತಾನಾಗಿ ಬಿತ್ತು. ಕ್ರೈಸ್ತರಲ್ಲದ ಸ್ತ್ರೀಯರು ಮುಂಜಾನೆ ಮಿಂದು ಚರ್ಚಿಗೆ ಪ್ರದಕ್ಷಿಣೆ ಬರುವುದು ಅವರು ಕೇಳರಿಯದ ಸಂಗತಿ. ಪೆಟ್ಟಾದ ಮೊಣಕಾಲನ್ನು ಉಜ್ಜಿಕೊಳ್ಳುತ್ತಲೇ ಅವರು ಇದೆಲ್ಲ ಯಾವಾಗಿನಿಂದ ಎಂದು ಚೌರಪ್ಪನನ್ನು ಕೇಳಿದರು. ಒಂದು ತಿಂಗಳಿಂದ ಎಂದ ಚೌರಪ್ಪ. ಅದು ನಿಜವಾಗಿತ್ತು. ಯಾವುದನ್ನು ಸುತ್ತುತ್ತಿದ್ದಾರೆ ಎಂದು ಅವರು ಕೇಳಲಿಲ್ಲ, ಅವನು ಹೇಳಲಿಲ್ಲ.

ಬೆಂಗಳೂರಿಗೆ ಇನ್ನೊಂದು ಕಾಗದ ಹೋಯಿತು. ಈ ಸಲ ಬಿಷಪ್ಪರು ಬೇರೆ ಧಾಟಿಯಲ್ಲಿ ಉತ್ತರ ಕೊಟ್ಟರು. ಇಂಥ ಭಕ್ತಿಯಿರುವ ಊರಿಗೆ ದುರಸ್ತಿಯ ಅರ್ಧ ಖರ್ಚು ತಾವು ಕೊಡುತ್ತೇವೆ, ಉಳಿದ ಅರ್ಧ ಊರು ಹೊಂದಿಸಬೇಕು. ಜೂನ್ ತಿಂಗಳ ಸಂತ ಅಂತೋಣಿಯವರ ಹಬ್ಬಕ್ಕೆ ತಾವೇ ಬಂದು ನೋಡುತ್ತೇವೆ. ಆ ದಿನ ಗೋಡೆ ನೆಟ್ಟಗೆ ನಿಂತಿರದಿದ್ದರೆ ಹಳೆಯ ಅಪ್ಪಣೆಯೇ ಕಾಯಂ.

ಚೌರಪ್ಪನಿಗೆ ಸಂತೋಷವಾಗಬೇಕಿತ್ತು. ಆದರೆ ಅವನು ಲೆಕ್ಕ ತಪ್ಪದ ಮನುಷ್ಯ. ಗೋಡೆ ಕಟ್ಟಬೇಕಾದರೆ ಮರ ಹೋಗಬೇಕು. ಮರ ಹೋದರೆ ಹೆಂಗಸರು ಹೋಗುತ್ತಾರೆ. ಹೆಂಗಸರು ಹೋದರೆ ಬಿಷಪ್ಪರಿಗೆ ತೋರಿಸಲು ಭಕ್ತಿ ಇರುವುದಿಲ್ಲ. ಮರವನ್ನು ಉಳಿಸಿದರೋ, ಗೋಡೆ ಇರುವುದಿಲ್ಲ. ಎರಡರಲ್ಲಿ ಯಾವುದು ಆದರೂ ಗಂಟೆ ಚನ್ನರಾಯಪಟ್ಟಣದ ಗಾಡಿ ಹತ್ತುತ್ತದೆ. ಕೊನೆಗೆ ಅವನು, ಮೊದಲು ಗೋಡೆ, ಭಕ್ತಿ ಆಮೇಲೆ ನೋಡೋಣ ಎಂದುಕೊಂಡ. ಇದನ್ನು ಅವನು ಹೆಂಡತಿ ಜ್ಞಾನಮ್ಮನ ಹತ್ತಿರ ಬಿಟ್ಟು ಬೇರೆ ಯಾರ ಹತ್ತಿರವೂ ಹೇಳಲಿಲ್ಲ.

ಊರಿನ ಗಾರೆ ಕೆಲಸದ ದೊಡ್ಡಬೀರಯ್ಯ ಹಾರೆ, ಕರಣೆ, ತೂಕದ ಗುಂಡು ಎಲ್ಲ ಹೊತ್ತು ಬಂದ. ಗೋಡೆಯ ಹಿಂದಕ್ಕೆ ಹೋದ. ಹೋದ ವೇಗದಲ್ಲೇ ವಾಪಸು ಬಂದು ಸಾಮಾನನ್ನು ಕೆಳಗಿಟ್ಟ.

"ಗ್ವಾಡೆ ಕೆಡವ್ತೀನಿ ಉಪದೇಸಿಗಳೇ. ಅರಳಿ ಮರಕ್ಕೆ ಮಾತ್ರ ನಾ ಕತ್ತಿ ಆಕಾಕಿಲ್ಲ."

"ಕತ್ತಿ ಹಾಕ್ಬೇಡ. ಹಾರೇಲಿ ಮೀಟು."

"ಆರೆ ಏನು, ಅರಳಿಗೆ ಬಾಮೈದ್ನಾ? ಅದೂ ಕಬ್ಣಾನೆ ಅಲ್ವಾ?"

ಚೌರಪ್ಪ ಕಟ್ಟಾಯಕ್ಕೆ ಹೋಗಿ ಬಂದ, ಕೊಣನೂರಿಗೆ ಹೋಗಿ ಬಂದ. ಎಲ್ಲ ಕಡೆ ಗಾರೆಯವರು ಗೋಡೆಯ ಅಳತೆ ಕೇಳುವವರೆಗೆ ಉತ್ಸಾಹದಿಂದ ಇದ್ದು, ಅರಳಿ ಎಂಬ ಮಾತು ಬಂದೊಡನೆ ತಮಗೆ ಬೇರೆ ಕೆಲಸವಿರುವುದನ್ನು ನೆನಪಿಸಿಕೊಂಡರು. ಕಡೆಗೆ ಅವನೇ ಮಚ್ಚು ಮಸೆದು ಏಣಿ ಹಾಕಿದ. ಅಂದು ಶನಿವಾರ ಎಂಬುದು ಏಣಿ ಹತ್ತಿದ ಮೇಲೆ ಗೊತ್ತಾಯಿತು. ಕೆಳಗೆ ದಾಕ್ಷಾಯಣಮ್ಮನವರು ನಿಂತಿದ್ದರು.

"ಚೌರಪ್ಪ, ನಮ್ಮ ಹುಡುಗೀಗೆ ಈ ತಿಂಗಳು ಮುಟ್ಟು ನಿಂತಿದೆ," ಎಂದರು ಅವರು, ಮೆತ್ತಗೆ. "ಈಗ ನೀನು ಆ ಮಚ್ಚು ಬೀಸಿದರೆ, ಮುಂದೆ ಏನಾದ್ರೂ ಆದ್ರೆ, ನಾನು ಯಾರ ಮನೆ ಮುಂದೆ ಬಂದು ಕೂರಲಿ ಅಂತ ನೀನೇ ಹೇಳು."

ಚೌರಪ್ಪ ಇಳಿದ. ಮಚ್ಚನ್ನು ಬೆನ್ನ ಹಿಂದೆ ಹಿಡಿದುಕೊಂಡು, ಎಲೆ ಮೇಲಿನ ಧೂಳು ಒರೆಸಲು ಹತ್ತಿದ್ದೆ ಎಂದ. ಯಾರೂ ನಂಬಲಿಲ್ಲ.

ಈಶ್ವರಯ್ಯನವರ ಅಂಗಡಿಯ ಜಗಲಿಯ ಮೇಲೆ ಊರು ಸೇರಿತು. ಗಂಟೆ ಹೋಗುವ ವಿಷಯ ಅಲ್ಲಿಯವರೆಗೆ ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಚೌರಪ್ಪ ಅದನ್ನು ಹೇಳಿದಾಗ ಈಶ್ವರಯ್ಯನವರು ಎಲೆಗೆ ಸುಣ್ಣ ಸವರುತ್ತಿದ್ದ ಬೆರಳನ್ನು ತಡೆದರು. ಸಂಜೆ ಗಂಟೆ ಇಲ್ಲದಿದ್ದರೆ ಈ ಜನ ರಾತ್ರಿಯವರೆಗೂ ಸಾಲ ಕೇಳುತ್ತಾರೆ ಎಂಬುದು ಅವರಿಗೆ ಕೂಡಲೇ ಹೊಳೆಯಿತು. ಗಂಟೆ ಹೋಗಬಾರದು ಎಂದರು. ಮರವನ್ನೂ ಕಡಿಯಬಾರದು ಎಂದರು ಅವರ ಹೆಂಡತಿ ಬಾಗಿಲ ಸಂದಿನಿಂದ. ಕಡಿಯುವುದು ಬೇಡ, ಕಿತ್ತು ಬೇರೆ ಕಡೆ ನೆಡಬಹುದಲ್ಲ ಎಂದ ಯಾರೋ. ಹುಟ್ಟಿದ ಮನೆಯಿಂದ ದೇವರನ್ನು ಸುಮ್ಮಸುಮ್ಮನೆ ಎಬ್ಬಿಸುವುದು ಹೇಗೆ, ಅದಕ್ಕೊಂದು ಕಾರಣ ಬೇಡವೇ ಎಂದ ಇನ್ನೊಬ್ಬ.

ಚೌರಪ್ಪನಿಗೆ ಬುತ್ತಿ ಕೊಡಲು ಬಂದಿದ್ದ ಜ್ಞಾನಮ್ಮ ಆಗ ಬಾಯಿ ಹಾಕಿದಳು. ಹುಟ್ಟಿದ ಮನೆಯಿಂದ ಎಬ್ಬಿಸಲು ಕಾರಣ ಒಂದೇ, ಮದುವೆ. ತನ್ನನ್ನೂ ಹಾಗೇ ಎಬ್ಬಿಸಿದರು ಎಂದಳು. ಕೆರೆ ಏರಿಯ ಕಟ್ಟೆಯಲ್ಲಿ ಈಶ್ವರಯ್ಯನವರ ತಂದೆ ನೆಟ್ಟ ಬೇವು ಇದೆಯಲ್ಲ, ಅರಳಿಗೂ ಬೇವಿಗೂ ನೀವು ಮದುವೆ ಮಾಡುವುದುಂಟಲ್ಲ, ಅಲ್ಲಿಗೆ ಕೊಂಡೊಯ್ಯಿರಿ ಎಂದಳು.

ಅದಕ್ಕೆ ಮಾದಯ್ಯ ಎಂಬ ಮುದುಕ ತಕರಾರು ತೆಗೆದ. ಅರಳಿ ಗಂಡು, ಬೇವು ಹೆಣ್ಣು. ಹೆಣ್ಣು ಗಂಡಿನ ಮನೆಗೆ ಬರಬೇಕು. ಬೇವನ್ನೂ ತಂದು ಪಾದ್ರಿ ಗೋಡೆಗೆ ನೆಡುತ್ತೀರಾ? ಗಂಡು ಹೆಣ್ಣಿನ ಮನೆಗೆ ಹೋಗಿ ಇರುವುದು ಎಲ್ಲಾದರೂ ಉಂಟೇ ಎಂದು ಕೇಳಿದ. ಕೇಳಿದ ಮೇಲೆ ನಾಲಗೆ ಕಚ್ಚಿಕೊಂಡ. ಎಲ್ಲರೂ ದೊಡ್ಡಬೀರಯ್ಯನ ಕಡೆ ತಿರುಗಿದರು. ದೊಡ್ಡಬೀರಯ್ಯ ಕಟ್ಟಾಯದ ಕಡೆಯವನು. ಬೀರಮ್ಮನನ್ನು ಮದುವೆಯಾಗಿ ಇಲ್ಲೇ ಮಾವನ ಮನೆಯಲ್ಲಿ ನಿಂತ ಮನೆಅಳಿಯ.

ಅವನು ಎದ್ದು ನಿಂತ. "ಯಾಕೆ, ನಾ ಬಂದಿಲ್ವಾ? ನಮ್ಮಪ್ಪಂಗೆ ಒಂದ್ ಜೊತೆ ಎತ್ತು ಕೊಟ್ಟು ನನ್ನ ಮರ್ಯಾದೆಯಾಗಿ ಕರ್ಕಂಡ್ ಬಂದ್ರು. ಈ ಮರ ಏನು, ನನ್ಗಿಂತ ಎಚ್ಚಿಂದಾ?"

"ಲಾಬ ಆಗಿದ್ದು ನಿಮ್ಮಪ್ಪಂಗೇ ಕಣ್ ಸುಮ್ಕಿರು," ಎಂದಳು ಬೀರಮ್ಮ ಹೆಂಗಸರ ನಡುವಿನಿಂದ. "ಎತ್ತು ಇನ್ನೂ ಗೇಯ್ತಾ ಅವೆ."

ನಗು ಇಳಿದ ಮೇಲೆ ಈಶ್ವರಯ್ಯನವರು ಆ ಮಾತಿನ ಎಳೆ ಹಿಡಿದರು. ಆ ಊರಿನ ಪದ್ಧತಿ ಹಾಗೇ ಇತ್ತು. ಮನೆಅಳಿಯನನ್ನು ತಂದರೆ, ಗಂಡು ಬಿಟ್ಟುಕೊಟ್ಟ ಮನೆಗೆ ಹೆಣ್ಣಿನ ಕಡೆಯವರು ಕೈತುಂಬ ಕೊಟ್ಟು ಕಳಿಸಬೇಕು. ಬೇವು ತಮ್ಮ ತಂದೆ ನೆಟ್ಟದ್ದು, ಆದ್ದರಿಂದ ಹೆಣ್ಣಿನ ಕಡೆಯವರು ತಾವು. ಅರಳಿ ಹುಟ್ಟಿದ ಮನೆ ಪಾದ್ರಿ ಗುಡಿ. ಎತ್ತು ಕೊಟ್ಟರೆ ಗುಡಿ ಏನು ಮಾಡೀತು? ತಾವು ಸುಡಿಸುವ ಗೂಡಿನ ಇಟ್ಟಿಗೆ, ಸುಣ್ಣ, ಊರಿನ ಆಳು ಕೊಡುವುದೆಂದಾಯಿತು. ಜೊತೆಗೆ ಮದುವೆಯಲ್ಲಿ ಬರುವ ಮುಯ್ಯಿ ಹಣ. ಬಿಷಪ್ಪರು ಕೇಳಿದ್ದ ಇನ್ನರ್ಧ ಅಲ್ಲಿಗೆ ಸರಿಹೋಯಿತು. ಕಬ್ಬಿಣ ಮುಟ್ಟಿಸುವ ಪ್ರಶ್ನೆಗೂ ದೊಡ್ಡಬೀರಯ್ಯನೇ ಪರಿಹಾರ ಹೇಳಿದ: ಗೋಡೆಯನ್ನು ಮರದಿಂದ ಬಿಡಿಸುತ್ತೇನೆ, ಮರವನ್ನು ಗೋಡೆಯಿಂದ ಬಿಡಿಸುವುದಿಲ್ಲ. ಈ ಎರಡಕ್ಕೂ ವ್ಯತ್ಯಾಸವೇನೆಂದು ಕೇಳಲು ಯಾರಿಗೂ ಮನಸ್ಸಾಗಲಿಲ್ಲ.

ದಾಕ್ಷಾಯಣಮ್ಮನವರಿಗೆ ಒಂದೇ ಒಂದು ಅನುಮಾನ ಉಳಿದಿತ್ತು. ಬೇವನ್ನು ಧಾರೆಯೆರೆದು ಕೊಡುವವರು ತಾವಾದ್ದರಿಂದ, ಮದುವೆಯಾದರೆ ಅರಳಿ ತಮಗೆ ಅಳಿಯನಾಗುತ್ತದೆ. ಅತ್ತೆ ಅಳಿಯನನ್ನು ಸುತ್ತಬಹುದೇ? ಅಳಿಯನ ಕಾಲು ತೊಳೆಯುವುದೇ ಉಂಟಲ್ಲ, ಸುತ್ತಿದರೆ ಏನು ಎಂದು ಮಾದಯ್ಯ ಸಮಾಧಾನ ಹೇಳಿದ.

ಚೌರಪ್ಪ ತನ್ನ ಕಡೆಯಿಂದ ಷರತ್ತು ಹಾಕಿದ. ತಾನು ಕೊಡುವುದು ಮರ, ಮಗನಲ್ಲ. ಕಾಂಪೌಂಡಿನ ಒಳಗೆ ಮಂತ್ರ ಇಲ್ಲ, ಓಲಗ ಇಲ್ಲ. ಗೇಟು ದಾಟಿದ ಮೇಲೆ ಊರಿನವರು ಅದಕ್ಕೆ ಬಾಸಿಂಗವನ್ನಾದರೂ ಕಟ್ಟಲಿ, ಪಂಚೆಯನ್ನಾದರೂ ಉಡಿಸಲಿ. ಎಲ್ಲರೂ ಒಪ್ಪಿದರು. ಫಾದರ್ ಲಾಂಬೆರ್ ಅವರಿಗೂ ಹೇಳದೆ ಇರುವಂತಿರಲಿಲ್ಲ. ಹಾಸನಕ್ಕೆ ಹೋಗಿ ಹೇಳಿದ: ಗೋಡೆಯ ಮರವನ್ನು ಊರಿನವರು ಕೆರೆ ಏರಿಗೆ ಒಯ್ಯಲು ಒಪ್ಪಿದ್ದಾರೆ, ಇಟ್ಟಿಗೆ ಸುಣ್ಣ ಅವರೇ ಕೊಡುತ್ತಾರೆ, ಅವತ್ತು ಊಟ ಹಾಕುತ್ತಾರೆ. ಒಂದು ಅಕ್ಷರ ಸುಳ್ಳಿರಲಿಲ್ಲ. ಗುರುಗಳು ಕಣ್ಣು ತೇವ ಮಾಡಿಕೊಂಡು ಒಪ್ಪಿಗೆ ಕೊಟ್ಟರು.

ಪುರೋಹಿತರು ಮುಹೂರ್ತ ಇಟ್ಟದ್ದು ಹಬ್ಬಕ್ಕೆ ಸುಮಾರು ಒಂದು ವಾರ ಮೊದಲು. ಬೆಳಗ್ಗೆ ಮರ ತೆಗೆಯುವುದು, ಮಾರನೆಯ ದಿನದಿಂದ ಗೋಡೆ ಎಬ್ಬಿಸುವುದು, ಹಬ್ಬದ ಹೊತ್ತಿಗೆ ಸುಣ್ಣ ಹೊಡೆಯುವುದು. ಎಲ್ಲ ಸರಿಯಾಗಿಯೇ ಇತ್ತು. ಲೆಕ್ಕಕ್ಕೆ ತೆಗೆದುಕೊಳ್ಳದೆ ಬಿಟ್ಟದ್ದು ಬಿಷಪ್ಪರ ಒಂದು ಅಭ್ಯಾಸವನ್ನು. ಹಬ್ಬದ ದಿನ ಎಲ್ಲ ಚರ್ಚುಗಳೂ ಚೆನ್ನಾಗಿಯೇ ಕಾಣುತ್ತವೆ ಎಂಬ ಕಾರಣಕ್ಕೆ ಅವರು ಎಲ್ಲಿಗೂ ಹೇಳಿದ ದಿನ ಹೋಗುತ್ತಿರಲಿಲ್ಲ.

ಆ ದಿನ ದೊಡ್ಡಬೀರಯ್ಯ ಹೇಳಿದಂತೆಯೇ ಗೋಡೆಯನ್ನು ಮರದಿಂದ ಬಿಡಿಸಿದ. ಬೇರು ಅವನು ಎಣಿಸಿದ್ದಕ್ಕಿಂತ ದೂರ ಓಡಿತ್ತು. ಹತ್ತು ಗಂಡಸರು ಹಗ್ಗ ಕಟ್ಟಿ ಎಳೆದಾಗ ಮರ ಬಂತು, ಮರದ ಹಿಂದೆ ಅರ್ಧ ಗೋಡೆ ಬಂತು. ಧೂಳು ಇಳಿದ ಮೇಲೆ ನೋಡಿದರೆ ಒಂದು ಗಾಡಿ ನುಗ್ಗುವಷ್ಟು ದೊಡ್ಡ ಕಂಡಿ. ಚೌರಪ್ಪ ಎದೆ ಹಿಡಿದುಕೊಂಡ. ಇನ್ನೂ ವಾರವಿದೆ ಎಂದು ತನಗೆ ತಾನೇ ಹೇಳಿಕೊಂಡ. ಮರವನ್ನು ಗಾಡಿಗೆ ಏರಿಸಿ ಹಿಂಬದಿಯ ಗೇಟಿನ ಆಚೆಗೆ ಸಾಗಿಸಿದರು. ಅಲ್ಲಿ ಬಾಸಿಂಗ ಕಟ್ಟಿದರು, ಜರಿಯಂಚಿನ ಪಂಚೆ ಉಡಿಸಿದರು. ಓಲಗದವರು ಊದಲು ಕೆನ್ನೆ ಉಬ್ಬಿಸಿದರು. ಅದೇ ಹೊತ್ತಿಗೆ ಕೊಣನೂರು ರಸ್ತೆಯಿಂದ ಒಂದು ಕಾರು ಬಂತು. ಮುಂದಿನ ಸೀಟಿನಲ್ಲಿ ಫಾದರ್ ಲಾಂಬೆರ್, ಹಿಂದಿನ ಸೀಟಿನಲ್ಲಿ ಎದೆಯುದ್ದದ ಬಿಳಿ ಗಡ್ಡದ ಬಿಷಪ್ಪರು.

ಕಾರನ್ನು ನೋಡಿ ಓಲಗದವರು ಇನ್ನೂ ಜೋರಾಗಿ ಊದಿದರು. ಯಾರೋ ಉತ್ಸಾಹಿ ಮರಕ್ಕೆಂದು ತಂದಿದ್ದ ಇನ್ನೊಂದು ಹಾರವನ್ನು ಬಿಷಪ್ಪರಿಗೆ ಹಾಕಿದ. ಅವರು ತಲೆ ಬಾಗಿಸಿ ಹಾಕಿಸಿಕೊಂಡು, ನೇರ ಚರ್ಚಿನ ಒಳಗೆ ಹೋಗಿ ಮೊಣಕಾಲೂರಿದರು. ಎದ್ದು ಪೀಠದ ಕಡೆ ನೋಡಿದರು. ಪೀಠದ ಹಿಂದೆ ಗೋಡೆ ಇರಬೇಕಾದ ಜಾಗದಲ್ಲಿ ಬಯಲು ಕಾಣುತ್ತಿತ್ತು. ಬಯಲಿನಲ್ಲಿ ಗಾಡಿ, ಗಾಡಿಯ ಮೇಲೆ ಪಂಚೆ ಉಟ್ಟ ಮರ, ಮರಕ್ಕೆ ಆರತಿ ಎತ್ತುತ್ತಿದ್ದ ದಾಕ್ಷಾಯಣಮ್ಮನವರು. ಮರದ ಬೇರಿನಿಂದ ಹಿಡಿಯಿಲ್ಲದ ಒಂದು ಕಪ್ಪು ಕೊಡೆ ನೇತಾಡುತ್ತಿತ್ತು.

ಚೌರಪ್ಪ ಗಂಟೆಯ ಹಗ್ಗದ ಹತ್ತಿರ ಹೋಗಿ ನಿಂತುಕೊಂಡ. ಬೇರೆ ಎಲ್ಲಿ ನಿಲ್ಲಬೇಕೆಂದು ಅವನಿಗೆ ತೋಚಲಿಲ್ಲ.

ಬಿಷಪ್ಪರು ಮೂವತ್ತು ವರ್ಷ ಈ ಸೀಮೆಯ ಹಳ್ಳಿಗಳನ್ನು ಕುದುರೆಯ ಮೇಲೆ ಸುತ್ತಿದವರು. ಅವರ ಕನ್ನಡ ಫಾದರ್ ಲಾಂಬೆರ್ ಅವರ ಪುಸ್ತಕದ ಕನ್ನಡದಂತಿರಲಿಲ್ಲ.

"ಫಾದರ್ ಲಾಂಬೆರ್ ಬರೆದಿದ್ದ ಹೆಂಗಸರು ಇವರೇ ಏನಯ್ಯಾ?" ಎಂದರು.

"ಹೌದು ಸ್ವಾಮಿ."

"ಇವರು ಸುತ್ತುತ್ತಾ ಇದ್ದದ್ದು ಏನನ್ನ?"

ಕಡೆಗೂ ಒಬ್ಬರು ಆ ಪ್ರಶ್ನೆ ಕೇಳಿದರು. ಸುಳ್ಳು ಹೇಳಿದರೆ ಗಂಟೆ ಉಳಿದೀತೋ ಏನೋ. ಚೌರಪ್ಪನ ಕೈ ಹಗ್ಗವನ್ನು ಬಿಗಿಯಾಗಿ ಹಿಡಿಯಿತು.

"ಮರಾನ, ಸ್ವಾಮಿ. ಚರ್ಚು ಮಧ್ಯ ಸಿಕ್ಕಿಹಾಕ್ಕೊಂಡಿತ್ತು."

ಫಾದರ್ ಲಾಂಬೆರ್ ಅವರ ಮುಖ ಮೊದಲು ಕೆಂಪಾಯಿತು, ಆಮೇಲೆ ಬಿಳಿಯಾಯಿತು. ಬಿಷಪ್ಪರು ಅವರ ಕಡೆ ನೋಡಲಿಲ್ಲ. ಕಂಡಿಯ ಮೂಲಕವೇ ಹೊರಗೆ ನಡೆದರು.

ಹೊರಗೆ ಈಶ್ವರಯ್ಯನವರು ತಟ್ಟೆ ಹಿಡಿದು ಕಾಯುತ್ತಿದ್ದರು. ಎಲೆ, ಅಡಿಕೆ, ತೆಂಗಿನಕಾಯಿ, ಮೇಲೊಂದು ಇಟ್ಟಿಗೆ, ಇಟ್ಟಿಗೆಯ ಮೇಲೆ ಮುಯ್ಯಿಯ ಗಂಟು. ಗಂಡಿನ ಮನೆಯ ಹಿರಿಯರಿಗೆ ಅದನ್ನು ಕೊಡಬೇಕು. ಅವರು ಚೌರಪ್ಪನನ್ನು ನೋಡಿದರು, ಫಾದರ್ ಲಾಂಬೆರ್ ಅವರನ್ನು ನೋಡಿದರು, ಆಮೇಲೆ ಎಲ್ಲರಿಗಿಂತ ಉದ್ದ ಗಡ್ಡವನ್ನು ನೋಡಿದರು. ತಟ್ಟೆಯನ್ನು ಬಿಷಪ್ಪರ ಮುಂದೆ ಹಿಡಿದರು.

"ಬುದ್ಧಿ, ನಿಮ್ಮ ಮನೇಲಿ ಹುಟ್ಟಿದ ಹುಡುಗನ್ನ ನಮಗೆ ಬಿಟ್ಟುಕೊಟ್ಟಿದ್ದೀರಿ. ಇವತ್ತಿಂದ ನೀವೂ ನಾವೂ ಬೀಗರು. ಬೀಗರ ಮನೆ ಗೋಡೆ ಬಿದ್ದಿರುವಾಗ ನಾವು ಊಟ ಮಾಡೋದು ಸರಿಯಲ್ಲ. ಗೋಡೆ ನಾವು ಎಬ್ಬಿಸ್ತೀವಿ. ಆದ್ರೆ ಬೀಗರ ಮನೆ ಗಂಟೆ ಬೇರೆ ಊರಿಗೆ ಹೋಗುತ್ತೆ ಅಂತ ಕೇಳ್ದೆ. ಅದು ನಮಗೆ ಅವಮಾನ."

ಬಿಷಪ್ಪರು ತಟ್ಟೆಯನ್ನು ತೆಗೆದುಕೊಳ್ಳಲಿಲ್ಲ. ಅವರು ದೊಡ್ಡಬೀರಯ್ಯನ ಕಡೆ ತಿರುಗಿದರು.

"ಬೇರು ಪೂರ್ತಿ ಬಂತಾ?"

"ಪೂರ್ತಿ ಬಂತು ಬುದ್ಧಿ. ಜೊತೇಲಿ ಒಂದು ಕೊಡೇನೂ ಬಂತು."

"ಒಂದು ಎಳೆ ಉಳಿದರೂ ಮತ್ತೆ ಹುಟ್ಟುತ್ತೆ."

"ಉಟ್ಟಾಕಿಲ್ಲ. ಮನೆಅಳಿಯ ಆದೋನು ಇಂದಕ್ಕೆ ಬರಾಕಾಯ್ತದಾ? ನನ್ನ ನೋಡಿ."

ಬಿಷಪ್ಪರು ಅವನನ್ನು ನೋಡಿದರು, ಅವನ ಪಕ್ಕದಲ್ಲಿ ಸೊಂಟಕ್ಕೆ ಕೈಕೊಟ್ಟು ನಿಂತಿದ್ದ ಬೀರಮ್ಮನನ್ನೂ ನೋಡಿದರು. ಅವನ ಮಾತು ನಂಬಬಹುದು ಎಂದು ಅವರಿಗೆ ಅನ್ನಿಸಿರಬೇಕು. ಚೌರಪ್ಪನನ್ನು ಹತ್ತಿರ ಕರೆದರು. ಅವನು ಹಗ್ಗ ಬಿಡದೆ, ಅದು ಎಷ್ಟು ಬರುತ್ತದೋ ಅಷ್ಟು ಮುಂದೆ ಬಂದು ನಿಂತ.

"ಗೋಡೆಯನ್ನ ಹಬ್ಬದ ದಿನ ನೋಡ್ತೀನಿ ಅಂತ ಬರೆದಿದ್ದೆ," ಎಂದರು ಬಿಷಪ್ಪರು. "ಹಬ್ಬ ಇನ್ನೂ ಬಂದಿಲ್ಲ. ಆದ್ದರಿಂದ ನಾನೂ ಇನ್ನೂ ಬಂದಿಲ್ಲ."

ಹೀಗೆಂದು ಇಟ್ಟಿಗೆ ಮತ್ತು ಗಂಟನ್ನು ಮಾತ್ರ ಎತ್ತಿ ಫಾದರ್ ಲಾಂಬೆರ್ ಅವರ ಕೈಗಿತ್ತರು. ಕಾಯಿ, ಎಲೆ, ಅಡಿಕೆಯನ್ನು ತಟ್ಟೆಯಲ್ಲೇ ಉಳಿಸಿದರು. ಕಾರಿನ ಕಡೆ ಹೊರಟವರು ನಡುದಾರಿಯಲ್ಲಿ ನಿಂತು ಈಶ್ವರಯ್ಯನವರನ್ನು ಕೇಳಿದರು:

"ಬೀಗರ ಊಟ ಯಾವತ್ತು?"

ಸಸ್ಯಾಹಾರಿಗಳಾದ ಈಶ್ವರಯ್ಯನವರು ತಟ್ಟೆಯಲ್ಲಿದ್ದ ತೆಂಗಿನಕಾಯಿಯನ್ನು ಒಂದು ಸುತ್ತು ತಿರುಗಿಸಿ ಇಟ್ಟರು. ಆ ಸೀಮೆಯಲ್ಲಿ ಬೀಗರ ಊಟ ಎಂದರೆ ಕುರಿ ಬೀಳಬೇಕು. ದೊಡ್ಡಬೀರಯ್ಯ ಮುಂದೆ ಬಂದು, ಪಾಯಸ ಈಶ್ವರಯ್ಯನವರ ಮನೆಯದು, ಮಿಕ್ಕಿದ್ದು ತನ್ನ ಮಾವನ ಮನೆಯದು, ಹಬ್ಬದ ದಿನವೇ ಇಟ್ಟುಕೊಳ್ಳೋಣ ಎಂದ. ಅವನ ಮಾವ ಅಲ್ಲಿರಲಿಲ್ಲ.

"ಹಾಗಾದರೆ ಗಂಟೆ ಇಲ್ಲೇ ಇರಬೇಕು," ಎಂದರು ಬಿಷಪ್ಪರು. "ಇಲ್ಲದಿದ್ದರೆ ಊಟದ ಹೊತ್ತು ನಮಗೆ ತಿಳಿಯೋದು ಹೇಗೆ? ಚನ್ನರಾಯಪಟ್ಟಣಕ್ಕೆ ಇನ್ನೊಂದು ಹುಡುಕೋಣ."

ಕಾರು ಹೊರಟಿತು. ಒಳಗಿದ್ದ ಫಾದರ್ ಲಾಂಬೆರ್ ಇಟ್ಟಿಗೆಯನ್ನು ಮಗುವಿನ ಹಾಗೆ ತೊಡೆಯ ಮೇಲೆ ಇಟ್ಟುಕೊಂಡಿದ್ದರು. ಗಾಡಿ ಕೆರೆ ಏರಿಯ ಕಡೆ ಹೊರಟಿತು. ಚೌರಪ್ಪ ಎರಡರ ಹಿಂದೆಯೂ ಹೋಗಲಿಲ್ಲ. ಅವನ ಕೈಯಲ್ಲಿ ಇನ್ನೂ ಹಗ್ಗವಿತ್ತು. ಏನು ಮಾಡುತ್ತಿದ್ದೇನೆಂದು ಅರಿವಾಗುವ ಮುಂಚೆಯೇ ಎಳೆದ. ಇನ್ನೊಮ್ಮೆ ಎಳೆದ. ಆಮೇಲೆ ನಿಲ್ಲಿಸಲು ಆಗಲೇ ಇಲ್ಲ.

ಹೊತ್ತು ಆಗ ಮಧ್ಯಾಹ್ನವೂ ಅಲ್ಲ, ಸಂಜೆಯೂ ಅಲ್ಲ. ಮದುವೆಗೆ ಬಾರದೆ ಗದ್ದೆಯಲ್ಲೇ ಉಳಿದಿದ್ದವರು ಖಾಲಿ ಬುತ್ತಿಯನ್ನು ಮತ್ತೆ ಬಿಚ್ಚಿ ಒಳಗೆ ನೋಡಿದರು. ಬೀರಮ್ಮ ದಿಬ್ಬಣವನ್ನು ಅರ್ಧಕ್ಕೇ ಬಿಟ್ಟು ಹಾಲು ಕರೆಯಲು ಓಡಿದಳು. ಹಸು ಅವಳನ್ನು ಅನುಮಾನದಿಂದ ನೋಡಿತು. ಗಾಡಿಯ ಮುಂದೆ ನಡೆಯುತ್ತಿದ್ದ ಈಶ್ವರಯ್ಯನವರ ಪಕ್ಕದಲ್ಲಿ ಮಾದಯ್ಯ ನಯವಾಗಿ ಅರ್ಧ ಸೇರು ಬೆಲ್ಲ ಸಾಲ ಕೇಳುತ್ತಿದ್ದ. ಅವರು ಆಗಲೆಂದು ತಲೆಯಾಡಿಸುವುದರಲ್ಲಿದ್ದರು. ಗಂಟೆ ಕೇಳಿಸಿತು.

"ಹೊತ್ತಾಯ್ತು ಮಾದಯ್ಯ," ಎಂದರು ಈಶ್ವರಯ್ಯನವರು. "ಇನ್ನು ನಾಳೆ."